ಜಗಲಿ ಇದ್ಯಲ್ಲ, ಆ ಗೂಡೆಂಥಕ್ಕೆ?

“ಇಷ್ಟುದ್ದ ಜಗಲಿ ಇದ್ಯಲ್ಲ ತಮಾ, ಆ ಗೂಡೆಂಥಕ್ಕೆ?”

ತಾಳಗುಪ್ಪ ದಾಟಿ ಜೋಗದ ಕಡೆ ಹೋಗುವಾಗ ಒಳರಸ್ತೆಯಲ್ಲಿರುವ ಮನೆ. ಕೊನೆ ಕೊಯ್ಲಿನ ಕಾಲ. ಜಗಲಿಯ ತುಂಬ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಅಂಗಳದ ಮೂಲೆಯಲ್ಲಿ ದೊಡ್ಡ ಹಂಡೆ, ಅದರೊಳಗೆ ಚೊಗರಿನಲ್ಲಿ ಬೇಯುವ ಅಡಿಕೆ. ಬೈಕಿನಿಂದ ಇಳಿಸಿದ ಟೆಂಟ್ ನೋಡಿ ಪ್ರಶ್ನೆ ಕೇಳಿದ ಹಿರಿಯಮ್ಮನ ಕೈ ನಿಲ್ಲಲಿಲ್ಲ. ಕಾಯಿ ಅಲಗಿಗೆ ತಾಗುತ್ತಿತ್ತು, ಸಿಪ್ಪೆ ಒಂದು ಕಡೆ ಬೀಳುತ್ತಿತ್ತು, ಬೇಳೆ ಬುಟ್ಟಿಗೆ ಹೋಗುತ್ತಿತ್ತು. “ಅಭ್ಯಾಸ ಅಮ್ಮಾ” ಅಂದದ್ದಕ್ಕೆ ಅವರು ತಲೆ ಎತ್ತಿ ಒಮ್ಮೆ ನೋಡಿದರು, ಅಷ್ಟೆ. ಈ ವಾರವಿಡೀ ಆ ನೋಟ ತಲೆಯಿಂದ ಇಳಿದಿಲ್ಲ.

ಸಾಗರದಿಂದ ಬೈಕಿನಲ್ಲಿ ಹೊರಟು ಮಾವಿನಗುಂಡಿ, ಗೇರುಸೊಪ್ಪ, ಹೊನ್ನಾವರ. ಅಲ್ಲಿಂದ ಕಡಲ ಪಕ್ಕದಲ್ಲೇ ಮುರ್ಡೇಶ್ವರ, ಭಟ್ಕಳ, ಮರವಂತೆ. ವಾಪಸ್ಸು ಕೊಲ್ಲೂರು ಹತ್ತಿ, ನಾಗೋಡಿ, ತುಮರಿ ಮೇಲೆ ಸಾಗರಕ್ಕೆ. ಒಟ್ಟು 300 ಕಿ.ಮೀ. ದಾಟುವುದಿಲ್ಲ. ಒಂದೇ ದಿನದಲ್ಲಿ ಮುಗಿಸಿದವರೂ ಇದ್ದಾರೆ, ಅವರು ಏನು ನೋಡಿದರೋ ಗೊತ್ತಿಲ್ಲ. ಒಬ್ಬರೇ ಹೋಗಿ ದಾರಿಯಲ್ಲಿ ಮಲಗಿ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಸುತ್ತು ನಮ್ಮ ರಾಜ್ಯದಲ್ಲಿ ಕಡಿಮೆ. ತೊಂದರೆ ರಸ್ತೆಯದ್ದಲ್ಲ, ಮಲಗುವ ಜಾಗದ್ದು.

ಟೆಂಟ್ ಕೊಂಡವರು ಮೊದಲು ಕೇಳುವುದು ಅದು ಎಷ್ಟು ಮಳೆ ತಡೆಯುತ್ತದೆ ಎಂದು. ಕೇಳಬೇಕಾದ್ದು ಗೂಟವಿಲ್ಲದೆ ನಿಲ್ಲುತ್ತದೆಯೇ ಎಂದು. ಮಲೆನಾಡಿನ ಅಂಗಳ ಅಂದರೆ ಅಡಿಕೆ ಒಣಗಿಸುವ ಜಾಗ. ಸಗಣಿ ಹಾಕಿ ಸಾರಿಸಿ ಗಟ್ಟಿ ಮಾಡಿದ ನೆಲ. ಅದಕ್ಕೆ ಗೂಟ ಹೊಡೆಯುತ್ತೇನೆ ಎಂದು ಬಾಯಿಬಿಟ್ಟರೆ ಆ ಮನೆಯಲ್ಲಿ ಕಾಫಿಯೂ ಸಿಗಲಿಕ್ಕಿಲ್ಲ, ಸಿಗಲೂಬಾರದು. ಎರಡು ಕೋಲು ಅಡ್ಡಹಾಯ್ದು ತಾನೇ ನಿಲ್ಲುವ ಗುಮ್ಮಟದಂಥ ಟೆಂಟ್ ಆದರೆ ನಾಲ್ಕು ಮೂಲೆಗೆ ಶೂ, ಸ್ಯಾಡಲ್ ಬ್ಯಾಗು, ನೀರಿನ ಕ್ಯಾನು ಇಟ್ಟರೆ ಸಾಕು. ತೂಕ ಎರಡೂವರೆ ಕಿಲೋ ಒಳಗಿರಲಿ. ಅಂಗಳ ಬಿಟ್ಟು ಹೊರಗೆ ಹೋದರೆ ಜಂಬಿಟ್ಟಿಗೆ ನೆಲ. ಟೆಂಟಿನ ಜೊತೆ ಬರುವ ಅಲ್ಯುಮಿನಿಯಂ ಗೂಟ ಅಲ್ಲಿ ಮೊದಲ ಏಟಿಗೇ ಬಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ 6 ಇಂಚಿನ ಕಬ್ಬಿಣದ ಮೊಳೆ ಎಂಟು ಇಟ್ಟುಕೊಳ್ಳಿ. ಕಡಲತೀರದಲ್ಲಿ ಎರಡೂ ನಿಲ್ಲುವುದಿಲ್ಲ. ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳದಲ್ಲಿ ಹೂತು ತುಳಿಯಬೇಕು. ಸಾಮಾನ್ಯ ಗಾಳಿಗೆ ಏಳುವುದಿಲ್ಲ.

“ಆ ಗೂಡೆಂಥಕ್ಕೆ” ಅಂದ ಹಿರಿಯಮ್ಮನ ಮಗ ಮಾತಾಡುವ ಪೈಕಿ ಅಲ್ಲ. ಟಾರ್ಚ್ ಹಿಡಿದು ಬಂದು ಟೆಂಟಿನ ಒಳಪದರದ ಬಲೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, “ಇದನ್ನೊಂದೇ ಜಗಲಿ ಮೇಲೆ ಕಟ್ಟಿ. ಉಣುಗು ಹತ್ತೂದಿಲ್ಲ” ಅಂದ. ಟೆಂಟಿನ ಬಗ್ಗೆ ಆ ವಾರ ಸಿಕ್ಕ ಅತ್ಯುತ್ತಮ ಸಲಹೆ ಅದು. ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಮಾತಾಡುವವರು ಯಾರೂ ಹೇಳಿದ್ದಿಲ್ಲ. ಕೆಂಪು ಗಾರೆಯ ಜಗಲಿಯ ಮೇಲೆ ಬರೀ ಒಳಪದರ ನಿಲ್ಲಿಸಿದ್ದಾಯಿತು. “ನಮ್ಮನೆ ಒಳಗೆ ಇನ್ನೊಂದು ಮನೆ ಕಟ್ದ” ಎಂದು ಹೆಂಗಸರೆಲ್ಲ ನಕ್ಕರು.

ಉಣುಗು ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ, ಅದರ ಮಾತು ನಗುವಂಥದ್ದಲ್ಲ. ಮಳೆಗಾಲದಲ್ಲಿ ಇಂಬಳ ಅಂದರೆ ಜಿಗಣೆ, ಅದು ಹೋದ ಮೇಲೆ ಉಣುಗು. ಇಂಬಳ ರಕ್ತ ಕುಡಿದು ಬಿಡುತ್ತದೆ. ಉಣುಗು ಮಂಗನ ಕಾಯಿಲೆ ಕೊಟ್ಟು ಹೋಗಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ 2019ರ ಹೊತ್ತಿಗೆ ಜೀವಗಳೇ ಹೋದವು. ಇದರ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಬೈಕಿನವರು ‘ಒಳ್ಳೆ ಸೀಸನ್’ ಅನ್ನುವ ತಿಂಗಳುಗಳೇ. ಮರಿ ಉಣುಗು ಎಳ್ಳಿಗಿಂತ ದೊಡ್ಡದಿರುವುದಿಲ್ಲ, ಕಚ್ಚಿದ್ದು ತಿಳಿಯುವುದಿಲ್ಲ. ಇರುವುದು ಒಣ ತರಗೆಲೆಯಲ್ಲಿ. ನಗರದವರು ಮೆತ್ತಗಿದೆ ಎಂದು ಟೆಂಟ್ ಹಾಕುವುದೂ ಅದೇ ತರಗೆಲೆಯ ಮೇಲೆ. ಗುಡಿಸಿ ಮಣ್ಣು ಕಂಡ ಮೇಲೆ ಹಾಕಿ, ಅಥವಾ ಹಾಕಲೇಬೇಡಿ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಇರಲಿ, ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಕೊಟ್ಟರೆ ಕೈಕಾಲಿಗೆ ಹಚ್ಚಿಕೊಳ್ಳಿ, ರಾತ್ರಿ ಮಲಗುವ ಮೊದಲು ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರ ಎಳೆಯಬೇಕು. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಸತ್ತ ಮಂಗ ಕಂಡರೆ ಫೋಟೋ ತೆಗೆಯಲು ಇಳಿಯದೆ ಹತ್ತಿರದ ಊರಿನಲ್ಲಿ ಹೇಳಿ ಹೋಗಿ.

ಇನ್ನು ಜಾಗ. ಘಟ್ಟದಲ್ಲಿ ‘ಯಾರದ್ದೂ ಅಲ್ಲದ’ ಜಾಗ ಅನ್ನುವುದು ಇಲ್ಲ. ರಸ್ತೆಯ ಎರಡೂ ಬದಿ ಬಹುಪಾಲು ಮೀಸಲು ಅರಣ್ಯ ಅಥವಾ ಅಭಯಾರಣ್ಯ. ಗೇರುಸೊಪ್ಪ ಕಡೆ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಕೊಲ್ಲೂರು ಕಡೆ ಮೂಕಾಂಬಿಕಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಉಳಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕಾಡಲ್ಲ, ಖಾಲಿ ಇದೆ ಅನ್ನಿಸುವ ಗುಡ್ಡ ಸೊಪ್ಪಿನಬೆಟ್ಟ ಆಗಿರುತ್ತದೆ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವ ಬೆಟ್ಟ ಅದು; ಯಾವ ತೋಟಕ್ಕೆ ಯಾವುದು ಎಂಬುದು ಊರಿನ ಮಕ್ಕಳಿಗೂ ಗೊತ್ತು. ಅದರ ನಡುವೆ ನಿಂತು ಕ್ಯಾಮೆರಾಕ್ಕೆ “ಮನುಷ್ಯರೇ ಮುಟ್ಟದ ಕಾಡು” ಎನ್ನುವವರನ್ನು ನೋಡಿದರೆ ಕೋಪಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಕೆಳಗಿನ ತೋಟದವನು ಮರುದಿನ ಬಂದು ಅವರ ಬಿಸ್ಕತ್ತು ಪೊಟ್ಟಣ ಆರಿಸಬೇಕು.

ಹಾಗಾಗಿ ಕೇಳಬೇಕು. ಕತ್ತಲಾಗುವ ಒಂದು ಗಂಟೆ ಮುಂಚೆ, ಹೆಲ್ಮೆಟ್ ತೆಗೆದು, ಎಂಜಿನ್ ಆಫ್ ಮಾಡಿ, ಗೇಟಿನ ಹೊರಗೆ ನಿಂತು. ಹೆಸರು, ಊರು, ನಾಳೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಹೇಳಿದರೆ ಅರ್ಧ ಕೆಲಸ ಆಯಿತು. ದುಡ್ಡಿನ ಮಾತು ಮೊದಲೇ ಎತ್ತಿದರೆ ಮಲೆನಾಡಿನಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಕರಾವಳಿಯಲ್ಲಿ ಎತ್ತದಿದ್ದರೆ ಬರುತ್ತದೆ. ಎರಡೂ ಸರಿಯೇ. ಟೆಂಟ್ ಇದ್ದರೆ ಯಾರನ್ನೂ ಕೇಳಬೇಕಿಲ್ಲ ಎಂಬ ನಂಬಿಕೆಯಲ್ಲೇ ಅದನ್ನು ಮಾರುತ್ತಾರೆ, ಕೊಳ್ಳುವುದೂ ಅದೇ ಆಸೆಗೆ.

ಆ ರಾತ್ರಿ ಹಿರಿಯಮ್ಮ ತಾವಾಗಿಯೇ ಇನ್ನೂ ಎರಡು ಮಾತು ಸೇರಿಸಿದರು. “ನಾವು ಮುಳುಗಡೆಯವ್ರು. ಗುಡ್ಲಲ್ಲಿ ಮಲ್ಗಿ ಮಲ್ಗಿ ಸಾಕಾಗಿ ನಮ್ಮಪ್ಪ ಮೊದ್ಲು ಕಟ್ಟಿದ್ದೇ ಈ ಜಗಲಿ.” ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ಏರಿದ ಹಾಗೆ ಊರು ಬಿಟ್ಟವರು ಕಂಡ ಕಂಡ ಕಾಡಂಚಿನಲ್ಲಿ ಬಿಡಾರ ಹಾಕಿದರು. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಜನರ ಕೈಗೆ ಇನ್ನೂ ಹಕ್ಕುಪತ್ರ ಬಂದಿಲ್ಲ. ಆ ಮನೆಯ ಮುಂದೆ ನಿಂತು, ಮನೆ ಇದ್ದವನೊಬ್ಬ ದುಡ್ಡು ಕೊಟ್ಟು ಕೊಂಡ ಬಟ್ಟೆಯ ಗುಡಿಸಲನ್ನು ಬಿಚ್ಚುತ್ತಿದ್ದಾನೆ. ಆ ಗೂಡೆಂಥಕ್ಕೆ? ಅಣಕ ಇರಲಿಲ್ಲ ಆ ದನಿಯಲ್ಲಿ. ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ಸ್ವಾತಂತ್ರ್ಯ, ಏಕಾಂತ, ಪ್ರಕೃತಿ ಎಂದು ನಾವು ಬರೆಯುವ ಯಾವ ಪದವೂ ಆ ಜಗಲಿಯ ಮುಂದೆ ಬಾಯಿಗೆ ಬರುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಮಾವಿನಗುಂಡಿಯಿಂದ ಕೆಳಗಿನ ಘಾಟಿ. ಪೆಟ್ರೋಲ್ ಸಾಗರದಲ್ಲೇ ತುಂಬಿಸಿಕೊಳ್ಳುವುದು ವಾಸಿ. ಒಬ್ಬರೇ ಹೋದರೂ ಸಾಮಾನು ಸೇರಿದರೆ ಹಿಂದೆ ಅರ್ಧ ಸವಾರ ಕೂತ ಹಾಗೆ. ಆದ್ದರಿಂದ ಹಿಂದಿನ ಟೈರಿಗೆ ಮ್ಯಾನ್ಯುವಲ್‌ನಲ್ಲಿ ಇಬ್ಬರಿಗೆಂದು ಕೊಟ್ಟ ಗಾಳಿ, ಹಿಂದಿನ ಶಾಕ್‌ನ ಸ್ಪ್ರಿಂಗ್ ಒಂದೆರಡು ಹಲ್ಲು ಬಿಗಿ. ಟೂಲ್ಸ್, ನೀರು, ಸ್ಟವ್ ಕೆಳಗೆ ಸ್ಯಾಡಲ್ ಬ್ಯಾಗಿನಲ್ಲಿ, ಸೀಟಿಗೆ ಆದಷ್ಟು ಹತ್ತಿರ. ಮೇಲೆ ಹಿಂಬದಿಯಲ್ಲಿ ಹಗುರವಾದ ಟೆಂಟ್, ಚಾಪೆ ಮಾತ್ರ. ಭಾರ ಮೇಲೆ ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರಾಗಿ ಹೇರ್‌ಪಿನ್ ತಿರುವಿನಲ್ಲಿ ಗಾಡಿ ಹೊರಕ್ಕೆ ಜಗ್ಗುತ್ತದೆ. ಚೈನ್ ಸಡಿಲ ಹಲವು ಗಾಡಿಗಳಿಗೆ ಸುಮಾರು 25ರಿಂದ 35 ಮಿ.ಮೀ.; ಸಾಮಾನು ಹೇರಿ ಕೂತ ಮೇಲೂ ಒಮ್ಮೆ ಮುಟ್ಟಿ ನೋಡಿ, ತೀರ ಬಿಗಿಯಾಗಿರಬಾರದು. ಕಡ್ಡಿ ಚಕ್ರದ ಗಾಡಿಯಲ್ಲಿ ಹೆಚ್ಚಾಗಿ ಟ್ಯೂಬ್ ಇರುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚದೆ ಗತಿಯಿಲ್ಲ. ಒಂದು ಟ್ಯೂಬ್, ಟೈರ್ ಲಿವರ್ ಎರಡು, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್, ಪಂಪ್ ಇಲ್ಲದೆ ಹೊರಟರೆ ಘಾಟಿಯ ನಡುವೆ ಲಾರಿಗೆ ಕೈ ತೋರಿಸಬೇಕಾಗುತ್ತದೆ.

ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್, ಕ್ಲಚ್ ಹಿಡಿದು ಜಾರಿಬಿಡುವುದು ಬೇಡವೇ ಬೇಡ. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಡಿಸ್ಕ್ ಕಾದು ಲಿವರ್ ಮೆತ್ತಗಾಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ತಿರುವಿನಲ್ಲಿ ಬಿಡಿ. ಹತ್ತುವ ಗಾಡಿಗೆ ಮೊದಲು ದಾರಿ. ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತದೆ, ಡ್ರೈವರಿಗೆ ಬೈಯದೆ ತಿರುವಿನ ಮೊದಲೇ ನಿಂತುಕೊಳ್ಳಿ. ಅವರಿಗೆ ಬೇರೆ ದಾರಿಯಿಲ್ಲ. ಬಿಸಿಲು ಬೀಳದ ತಿರುವುಗಳ ಅಂಚಿನಲ್ಲಿ ಪಾಚಿ ಚಳಿಗಾಲದಲ್ಲೂ ಇರುತ್ತದೆ. ಗುಡ್ಡ ಕಡಿದ ಗೋಡೆಯ ಬುಡದಲ್ಲಿ ಚಹಾಕ್ಕೆಂದೂ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಹೋಟೆಲನ್ನೇ ಗುಡ್ಡ ನುಂಗಿತು.

ಕಡಲಲ್ಲೂ ಮತ್ತೆ ಅದೇ ಪ್ರಶ್ನೆ, ಮಲಗುವುದೆಲ್ಲಿ? ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಮರಿಗಳು ಬೆಳಕಿನ ಕಡೆ ಹರಿಯುತ್ತವೆ. ತೀರದಲ್ಲಿ ಲೈಟು, ಬೆಂಕಿ ಇದ್ದರೆ ಸಮುದ್ರ ಬಿಟ್ಟು ಅತ್ತ ಹೋಗಿ ಸಾಯುತ್ತವೆ. ಮೇಲಿನ ಒಣ ಮರಳು ಬಲೆ, ಮೀನು ಒಣಗಿಸುವವರದ್ದು. ಕೆಳಗಿನದ್ದು ಉಬ್ಬರದ್ದು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರದ ಉಬ್ಬರ ನಿನ್ನೆಯ ಗೆರೆ ದಾಟಿ ಬರಬಹುದು, ಮತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಉಳಿದದ್ದು ತೆಂಗಿನ ತೋಪು. ಅಲ್ಲಿ ಮರದ ಕೆಳಗೆ ಮಲಗಿದರೆ ಕಾಯಿ ಯಾವಾಗ ಬೀಳುತ್ತದೆಂದು ತೋಟದವರೂ ಹೇಳಲಾರರು. ಹಾಗಾಗಿ ಯಾರದಾದರೂ ಮನೆಯ ಹಿತ್ತಲು, ಗೋಡೆಯ ಪಕ್ಕ, ಬಾವಿ ಕಾಣುವಂತೆ. ಸೈಡ್ ಸ್ಟ್ಯಾಂಡ್ ಮರಳಿಗೆ ಇಳಿಯದಂತೆ ಅದರ ಅಡಿಯಲ್ಲಿ ಕೊತ್ತಳಿಗೆಯ, ಅಂದರೆ ತೆಂಗಿನ ಗರಿಯ ದಪ್ಪ ಬುಡದ ತುಂಡು. ಒದ್ದೆ ಗಾಳಿಗೆ ಟೆಂಟಿನ ಒಳಗೆ ನೀರು ಸುರಿಯುವುದು ಮಳೆಯಿಂದಲ್ಲ, ನಿಮ್ಮ ಉಸಿರಿನಿಂದ. ಎರಡು ಬದಿಯ ಕಿಟಕಿಯನ್ನೂ ಅರ್ಧ ತೆರೆದಿಡಿ. ಅಡುಗೆ ಟೆಂಟಿನೊಳಗೆ ಎಂದಿಗೂ ಬೇಡ. 230 ಗ್ರಾಂ ಗ್ಯಾಸ್ ಕ್ಯಾನು ಒಬ್ಬರ ಚಹಾ, ಗಂಜಿಗೆ ಮೂರ್ನಾಲ್ಕು ದಿನ ಧಾರಾಳ. ಗೊಜ್ಜವಲಕ್ಕಿ ಇದ್ದರೆ ಸ್ಟವ್ ಹಚ್ಚುವ ಗೊಡವೆಯೇ ಇಲ್ಲ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ. ಎಲ್ಲರೂ ಬರೆದಿದ್ದಾರೆ, ಬಿಡಿ. ಬೈಕಿನವರಿಗೆ ಬೇಕಾದ್ದು, ಅಲ್ಲಿ ಹಾರುವ ಉಪ್ಪು ಚೈನಿಗೆ ಕೂರುತ್ತದೆ ಎಂಬುದು. ಘಾಟಿ ಹತ್ತುವ ಮೊದಲು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಲ್ಯೂಬ್ ಹಚ್ಚಿ.

ಕೊಲ್ಲೂರು ಹತ್ತಿ ಬಂದರೆ ಲಿಂಗನಮಕ್ಕಿ ಹಿನ್ನೀರಿಗೆ ಕಟ್ಟಿದ ಕಳಸವಳ್ಳಿ ಸೇತುವೆ. 2025ರ ಜುಲೈ 14ರಂದು ತೆರೆದದ್ದು, ಉದ್ದ ಸುಮಾರು 2.4 ಕಿ.ಮೀ. ಹಿನ್ನೀರಿನ ಮೇಲಿನ ಗಾಳಿ ಅಡ್ಡ ಬೀಸುತ್ತದೆ, ಎತ್ತರಕ್ಕೆ ಕಟ್ಟಿದ ಬ್ಯಾಗಿದ್ದರೆ ಗಾಡಿ ವಾಲುತ್ತದೆ. ವೇಗ ಇಳಿಸಿ, ಹ್ಯಾಂಡಲ್ ಬಿಗಿಹಿಡಿಯದೆ ಸಡಿಲವಾಗಿ ಹಿಡಿಯಿರಿ. ಸೇತುವೆಯ ಮೇಲೆ ಸಾಲಾಗಿ ನಿಂತು ಸೆಲ್ಫಿ ತೆಗೆಯುವವರಿಗೆ ಕೆಳಗೆ ಏನಿದೆ ಎಂಬ ಯೋಚನೆ ಬಂದ ಹಾಗಿರಲಿಲ್ಲ. ಲಾಂಚಿಗೆ ಕಾಯುತ್ತಿದ್ದ ಕಾಲದಲ್ಲಿ ಪಕ್ಕದಲ್ಲಿ ಕೂತ ಯಾರಾದರೂ ಅಜ್ಜ ನೀರಿನ ಕಡೆ ಕೈ ತೋರಿಸಿ “ಅಲ್ಲಿ ನಮ್ಮ ಗದ್ದೆ” ಎನ್ನುತ್ತಿದ್ದರು. ಈಗ ಐದು ನಿಮಿಷದಲ್ಲಿ ದಾಟುತ್ತೇವೆ. ದ್ವೀಪದಂತಿದ್ದ ಊರಿನವರಿಗೆ ರಾತ್ರಿ ಆಸ್ಪತ್ರೆಗೆ ಹೋಗಲು ದಾರಿಯಾಯಿತು. ಅದರ ಮುಂದೆ ನಮ್ಮ ಅಜ್ಜಂದಿರ ಮಾತು ಕಳೆದುಹೋದದ್ದು ದೊಡ್ಡದಲ್ಲ.

ಮನೆಗೆ ಬಂದ ದಿನವೇ ಟೆಂಟನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿ, ಇಲ್ಲದಿದ್ದರೆ ಒಳಗಿನ ಲೇಪ ಅಂಟಂಟಾಗಿ ಕಿತ್ತು ಬರುತ್ತದೆ. ಬಟ್ಟೆ ಬಿಸಿನೀರಿಗೆ. ಉಣುಗು ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಬೆಂಗಳೂರಿನ ಡಾಕ್ಟರು ಮೊದಲು ಡೆಂಗ್ಯೂ ಅಂದುಕೊಳ್ಳಬಹುದು. ಮಲೆನಾಡಿನಲ್ಲಿ ಎಲ್ಲಿ, ಎಂಥ ಜಾಗದಲ್ಲಿ ಮಲಗಿದ್ದಿರಿ ಎಂದು ನೀವೇ ಬಾಯಿಬಿಟ್ಟು ಹೇಳಬೇಕು.