ಹಳೇ ಗಾಡಿ ಮಿಸ್ಸಿಂಗ್ ಹೊಡೆದರೆ ನಾನು ಮೊದಲು ಕೇಳೋದು ‘ಯಾವಾಗ?’

ಗಾಡಿ ಮಿಸ್ಸಿಂಗ್ ಹೊಡೀತಿದೆ (ಅಂದರೆ ಯಾವುದೋ ಸಿಲಿಂಡರಲ್ಲಿ ಇಂಧನ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುತ್ತಿದೆ) ಅಂತ ಯಾರಾದರೂ ಬಂದರೆ ಇಂಜಿನ್ ಮುಟ್ಟುವ ಮೊದಲು ಒಂದಷ್ಟು ಪ್ರಶ್ನೆ ಕೇಳುತ್ತೇನೆ. ಯಾವಾಗ ಹೊಡೆಯುತ್ತದೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣವಾ, ಇಂಜಿನ್ ಬಿಸಿಯಾದ ಮೇಲಾ? ಸುಮ್ನೆ ನಿಂತಾಗಲಾ, ಲೋಡ್ ಹಾಕಿಕೊಂಡು ಘಾಟಿ ಹತ್ತುವಾಗಲಾ? ಮಳೆ ಬಂದ ದಿನ ಮಾತ್ರಾನಾ? ಗ್ಯಾಸ್ ಕಿಟ್ ಇದ್ದರೆ, ಗ್ಯಾಸಲ್ಲಾ ಪೆಟ್ರೋಲಲ್ಲಾ? ತುಂಬಾ ಜನಕ್ಕೆ ಇದು ಟೈಮ್ ವೇಸ್ಟ್ ಅನಿಸುತ್ತದೆ. "ಪ್ಲಗ್ ಹಾಕಿ ನೋಡಣ್ಣ, ಹೋಗದಿದ್ರೆ ಕಾಯಿಲ್ ಹಾಕೋಣ" ಅಂತಾರೆ. (ಪ್ಲಗ್ ಕಿಡಿ ಹಾರಿಸುತ್ತದೆ, ಆ ಕಿಡಿಗೆ ಬೇಕಾದ ವೋಲ್ಟೇಜ್ ಕೊಡೋದು ಕಾಯಿಲ್.) ಹಾಗೆ ಹಾಕುತ್ತಾ ಹೋದರೆ ಬಿಲ್ಲು ಬೆಳೆಯುತ್ತದೆ, ಮಿಸ್ಸಿಂಗ್ ಮಾತ್ರ ಹಾಗೇ ಉಳಿಯುತ್ತದೆ.

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ತೋಟದ ಕೆಲಸಕ್ಕೆ, ಸಂತೆಗೆ ಅಂತ ಹಳೇ ಕಾರ್ಬೊರೇಟರ್ ಇರುವ ಮಾರುತಿ ಓಮ್ನಿ ವ್ಯಾನುಗಳು ಇಲ್ಲಿ ಇನ್ನೂ ಓಡುತ್ತಿವೆ. ಇವಕ್ಕೆ ಸ್ಕ್ಯಾನರ್ ಹಾಕೋಕೆ ಜಾಗವೇ ಇಲ್ಲ. ಹೊಸ ಕಾರಲ್ಲಾದರೆ ಪಿ0302 ಅಂತ ಕೋಡ್ ಬಂದರೆ ಸಾಕು, ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ ಅಂತ ಗೊತ್ತಾಗುತ್ತದೆ. ಇಲ್ಲಿ ಅದನ್ನು ಕಿವಿ, ಕೈ, ಮೂಗಿನಿಂದಲೇ ಹುಡುಕಬೇಕು.

ಈ ಮಳೆಗಾಲದಲ್ಲಿ ತರಕಾರಿ ಸಾಗಿಸುವವರೊಬ್ಬರು ತಮ್ಮ ಓಮ್ನಿ ತಂದರು. 1990ರ ದಶಕದ ಗಾಡಿ, ಆಮೇಲೆ ಎಲ್‌ಪಿಜಿ ಕಿಟ್ ಹಾಕಿಸಿದ್ದು. ಬೇರೆ ಕಡೆ ತೋರಿಸಿ ಆಗಿತ್ತು. ಪ್ಲಗ್ ಹೊಸದು, ಕಾಯಿಲ್ ಹೊಸದು, ಕಾರ್ಬೊರೇಟರ್ ಕಿಟ್ ಹೊಸದು. ಕೇಳಿದ್ದಕ್ಕೆ ಹೇಳಿದರು: "ಬೆಳಿಗ್ಗೆ ಮಳೇಲಿ ಹೊರಟರೆ ಕುಪ್ಪಳಿಸುತ್ತೆ ಅಣ್ಣ, ಸ್ವಲ್ಪ ದೂರ ಹೋದರೆ ಸರಿಹೋಗುತ್ತೆ. ಮತ್ತೆ ಮಧ್ಯಾಹ್ನ ಸಂತೆಯಿಂದ ಬರುವಾಗ ಎಲ್ಲಾದ್ರೂ ನಿಲ್ಲಿಸಿದರೆ ಗಡಗಡ ಅಂತ ನಡುಗುತ್ತೆ."

ಅವರು ಇದನ್ನು ಒಂದೇ ತೊಂದರೆ ಅಂತ ಹೇಳುತ್ತಿದ್ದರು. ನನಗೆ ಅದು ಎರಡು ಅನಿಸಿತು. ಒಂದು, ಇಂಜಿನ್ ತಣ್ಣಗೆ ಒದ್ದೆಯಾಗಿದ್ದಾಗ ಬಂದು ಬಿಸಿಯಾದಾಗ ಹೋಗುತ್ತದೆ. ಇನ್ನೊಂದು, ಬಿಸಿಯಾದ ಮೇಲೆಯೇ ಬರುತ್ತದೆ, ಅದೂ ಐಡಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ). ಒಂದೇ ಕಾರಣಕ್ಕೆ ಇವೆರಡೂ ಆಗೋದು ತುಂಬಾ ಅಪರೂಪ. ಹಾಗಾಗಿ ಎರಡನ್ನೂ ಬೇರೆ ಬೇರೆ ಕೇಸ್ ಅಂತಲೇ ಹಿಡಿದೆ.

ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಒಂದು ಅನುಕೂಲ ಇದೆ. ಸ್ವಿಚ್ ಒತ್ತಿ ಇಂಧನ ಬದಲಾಯಿಸಬಹುದು. ಪೆಟ್ರೋಲಲ್ಲಿ ಮಾತ್ರ ಮಿಸ್ ಆದರೆ ಕಾರ್ಬೊರೇಟರ್, ಫಿಲ್ಟರ್, ಟ್ಯಾಂಕಲ್ಲಿ ನೀರು ಇವನ್ನು ನೋಡಬೇಕು. (ಗ್ಯಾಸಲ್ಲೇ ಓಡಿಸುವವರ ಟ್ಯಾಂಕಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇರೋದರಿಂದ ಅದು ತೇವ ಹೀರಿಕೊಳ್ಳುತ್ತದೆ. ಒಂದು ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಅಲ್ಲಾಡಿಸದೆ ಇಟ್ಟರೆ, ನೀರು ಜಾಸ್ತಿ ಸೇರಿದ್ದರೆ ತಳದಲ್ಲಿ ಬೇರೆ ಪದರ ಕಾಣುತ್ತದೆ.) ಗ್ಯಾಸಲ್ಲಿ ಮಾತ್ರ ಮಿಸ್ ಆದರೆ ಸ್ಪಾರ್ಕ್ ವೀಕ್ ಇರುವ ಅನುಮಾನ ಜಾಸ್ತಿ, ಯಾಕಂದರೆ ಗ್ಯಾಸಿಗೆ ಬೆಂಕಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರನ್ನೂ ನೋಡಬೇಕು ಅನ್ನಿ. ಈ ಗಾಡಿ ಎರಡರಲ್ಲೂ ಒಂದೇ ಥರ ಮಿಸ್ ಆಗುತ್ತಿತ್ತು. ಅಂದರೆ ಕಾರ್ಬೊರೇಟರ್‌ಗೆ ಹಾಕಿದ ದುಡ್ಡು ದಂಡ. ಈ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಡ, ಅಲ್ವಾ.

ಮೊದಲು ಬೆಳಗಿನ ತೊಂದರೆ. ಮಿಸ್ಸಿಂಗ್ ಕಣ್ಣೆದುರು ಬರದೆ ಹುಡುಕೋದು ಕಷ್ಟ, ಅದಕ್ಕೇ ಅದನ್ನು ನಾವೇ ಬರಿಸಬೇಕು. ಗಾಡಿ ರಾತ್ರಿ ಗ್ಯಾರೇಜಲ್ಲೇ ಇತ್ತು. ಬೆಳಿಗ್ಗೆ ಶಟರ್ ಎಳೆದು, ಲೈಟ್ ಆರಿಸಿ, ಮುಂದಿನ ಸೀಟು ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿದೆ. ಹೊಗೆ ಹೋಗಲಿ ಅಂತ ಹಿಂದಿನ ಬಾಗಿಲು ತೆರೆದೇ ಇಟ್ಟಿದ್ದೆ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ತೆಳ್ಳಗೆ ನೀರು ಬಿಟ್ಟೆ. ಏನೂ ಆಗಲಿಲ್ಲ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಮೇಲೆ ಬಿಟ್ಟೆ. ಕ್ಯಾಪ್ ಬುಡದಲ್ಲಿ ಚಿಟ್ ಚಿಟ್ ಅಂತ ಸಣ್ಣ ನೀಲಿ ಗೆರೆ ಓಡಾಡಿತು, ಇಂಜಿನ್ ಕುಪ್ಪಳಿಸಲು ಶುರುಮಾಡಿತು.

ಕ್ಯಾಪ್ ಬಿಚ್ಚಿ ಟಾರ್ಚ್ ಹಿಡಿದು ಒಳಗೆ ನೋಡಿದರೆ, ಒಂದು ಟರ್ಮಿನಲ್‌ನಿಂದ ಅಂಚಿನ ತನಕ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕಪ್ಪು ಗೆರೆ. ಕೂದಲಿನಷ್ಟು ಸಣ್ಣದು. ಉಗುರಲ್ಲಿ ಕೆರೆದರೂ ಹೋಗಲ್ಲ. ಅದು ಕಾರ್ಬನ್. ಕಾಯಿಲ್‌ನಿಂದ ಬರುವ ಕರೆಂಟು 20,000 ವೋಲ್ಟ್‌ಗೂ ಜಾಸ್ತಿ, ಅದು ಸುಲಭದ ದಾರಿ ಹುಡುಕುತ್ತದೆ. ಒಳಗೆ ತೇವ ಕೂತರೆ ಪ್ಲಗ್ಗಿನ ಗ್ಯಾಪ್ ಹಾರೋದಕ್ಕಿಂತ ಈ ಗೆರೆಯ ಮೇಲೆ ಜಾರಿ ಇಂಜಿನ್‌ನ ಲೋಹದ ಮೈಗೆ ಹೋಗೋದೇ ಅದಕ್ಕೆ ಸುಲಭ. ಇಂಜಿನ್ ಬಿಸಿಗೆ ಕ್ಯಾಪ್ ಒಣಗಿತು ಅಂದರೆ ಮಿಸ್ಸಿಂಗ್ ಮಾಯ.

ಹೊಸದಾಗಿ ಹಾಕಿದ್ದ ಪ್ಲಗ್ ತೆಗೆದು ಫೀಲರ್ ಗೇಜಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆದೆ. 1.1 ಮಿ.ಮೀ. ಗ್ಯಾಪ್! ಈ ಇಂಜಿನ್‌ಗೆ ಬೇಕಾಗಿರೋದು 0.7ರಿಂದ 0.8. ಗ್ಯಾಪ್ ಜಾಸ್ತಿ ಆದಷ್ಟೂ ಅದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು, ವೋಲ್ಟೇಜ್ ಏರಿದಷ್ಟೂ ಕ್ಯಾಪಲ್ಲಿ ಸೋರೋದು ಜಾಸ್ತಿ. ಹೊಸ ಪ್ಲಗ್ ಹಾಕಿದ ಮೇಲೆ ಮಿಸ್ಸಿಂಗ್ ಇನ್ನೂ ಜೋರಾಯಿತು ಅಂತ ಅವರು ಹೇಳಿದ್ದು ಸುಳ್ಳಲ್ಲ. ಪ್ಲಗ್ ಡಬ್ಬದಿಂದ ತೆಗೆದು ನೇರ ಹಾಕೋದು ಬೇಡ, ಗೇಜ್ ಹಾಕಿ ನೋಡಿ ಅಂತ ನಮ್ಮ ಹುಡುಗರಿಗೆ ದಿನಾ ಹೇಳುತ್ತೇನೆ. ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಹೊಸದು ಹಾಕಿ, ಪ್ಲಗ್ ಗ್ಯಾಪ್ ಸೆಟ್ ಮಾಡಿ ಮತ್ತೆ ನೀರು ಹೊಡೆದೆ. ಇಂಜಿನ್ ಅಲುಗಲಿಲ್ಲ.

ಅಲ್ಲಿಗೇ ಬಿಲ್ ಮಾಡಿ ಕಳಿಸಬಹುದಿತ್ತು. ಆದರೆ ಮಧ್ಯಾಹ್ನದ ನಡುಕ ಹಾಗೇ ಇತ್ತಲ್ಲ. ಕೈಮರದ ಕಡೆ ಏರು ರಸ್ತೆಯಲ್ಲಿ ಓಡಿಸಿ, ಇಂಜಿನ್ ಚೆನ್ನಾಗಿ ಕಾದ ಮೇಲೆ ತಂದು ಐಡಲಿಂಗ್‌ನಲ್ಲಿ ನಿಲ್ಲಿಸಿದೆ. ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದರೆ ಗೊತ್ತಾಗುತ್ತದೆ, ಫುಸ್ ಫುಸ್ ಅಂತ ಒಂದೇ ಸಮ ಬರಬೇಕಾದ ಗಾಳಿ ನಡುನಡುವೆ ತಪ್ಪುತ್ತಿತ್ತು. ತಾಳ ತಪ್ಪಿದರೂ ಒಂದು ಲೆಕ್ಕದಲ್ಲೇ ತಪ್ಪುತ್ತಿತ್ತು. ಅಂದರೆ ಒಂದೇ ಸಿಲಿಂಡರ್ ಕೈಕೊಡ್ತಿದೆ. ಗಾಳಿ ಸೋರಿಕೆ, ಮಿಕ್ಸ್ಚರ್ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಲೆಕ್ಕವಿಲ್ಲದ ಹಾಗೆ ಅಲ್ಲಿ ಇಲ್ಲಿ ತಪ್ಪುತ್ತದೆ.

ಒಂದೊಂದೇ ಪ್ಲಗ್ ವೈರ್ ತೆಗೆದು ನೋಡಿದೆ. ಒಂದನೇದು ತೆಗೆದಾಗ ಇಂಜಿನ್ ಕುಸಿಯಿತು, ಮೂರನೇದಕ್ಕೂ ಹಾಗೇ. ಎರಡನೇದು ತೆಗೆದರೆ ಏನೂ ವ್ಯತ್ಯಾಸ ಇಲ್ಲ. ಮೂರೇ ಸಿಲಿಂಡರ್ ಇರುವ ಇಂಜಿನ್, ಒಂದು ಸತ್ತರೆ ಮೂರನೇ ಒಂದು ಭಾಗ ಶಕ್ತಿ ಹೋದ ಹಾಗೆ, ನಡುಗದೆ ಇನ್ನೇನು ಮಾಡುತ್ತದೆ? (ಇದನ್ನು ಮಾಡುವಾಗ ಇನ್ಸುಲೇಷನ್ ಇರುವ ಇಕ್ಕಳವೇ ಹಿಡಿಯಿರಿ, ತೆಗೆದ ವೈರನ್ನು ಇಂಜಿನ್‌ನ ಲೋಹದ ಮೈಗೆ ಅರ್ಥ್ ಕೊಡಿ, ಇಲ್ಲದಿದ್ದರೆ ಕಾಯಿಲ್ ಹಾಳಾಗಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಲೇಬೇಡಿ. ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದು ಕನ್ವರ್ಟರ್ ಸುಟ್ಟುಹೋಗುತ್ತದೆ.)

ಎರಡನೇ ಪ್ಲಗ್ಗಿಗೆ ಸ್ಪಾರ್ಕ್ ಚೆನ್ನಾಗಿಯೇ ಬರುತ್ತಿತ್ತು. ಪಕ್ಕದ ಪ್ಲಗ್ ಹಾಕಿ ನೋಡಿದರೂ ಅದೇ ಕಥೆ. ಸ್ಪಾರ್ಕ್ ಇದೆ, ಇಂಧನ ಇದೆ, ಇನ್ನು ಉಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒತ್ತಿದಾಗ ಏಳುವ ಒತ್ತಡ. ಮೂರೂ ಪ್ಲಗ್ ತೆಗೆದು, ಕಾಯಿಲ್ ಕನೆಕ್ಷನ್ ಕಳಚಿ, ಗ್ಯಾಸ್ ಬಂದ್ ಮಾಡಿ, ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿಸಿದೆ. ಒಂದು ಮತ್ತು ಮೂರನೇದು 160 ಪಿಎಸ್‌ಐ ಆಸುಪಾಸು. ಎರಡನೇದು 95. ಒಂದು ಚಮಚ ಇಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಅದನ್ನು ಮುಚ್ಚಿ ರೀಡಿಂಗ್ ಎದ್ದುಬರಬೇಕು. ಹೆಚ್ಚೇನೂ ಏರಲಿಲ್ಲ. ಹಾಗಾದರೆ ಸೋರಿಕೆ ವಾಲ್ವ್ ಕಡೆ.

ಇಲ್ಲಿ ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಬಗ್ಗೆ ಒಂದು ಮಾತು. ಮುಳ್ಳು ಒಂದೇ ಲಯದಲ್ಲಿ ಪಟ್ ಪಟ್ ಅಂತ ಕೆಳಗೆ ಬೀಳುತ್ತಿತ್ತು, ಅದೂ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತಲೇ ಹೇಳುತ್ತದೆ. ಆದರೆ ಗೇಜ್ ಜೊತೆ ಬರುವ ಪುಸ್ತಕದ ಅಂಕಿಗಳು ಸಮುದ್ರ ಮಟ್ಟದ್ದು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು (ಪಾದರಸದ ಲೆಕ್ಕದಲ್ಲಿ) ಕಡಿಮೆ ಆಗುತ್ತದೆ. ನಮ್ಮೂರು ಸಾವಿರ ಮೀಟರಿಗೂ ಮೇಲಿದೆ. ಮಂಗಳೂರಲ್ಲಿ 20 ತೋರಿಸುವ ಗಟ್ಟಿ ಇಂಜಿನ್ ಇಲ್ಲಿ 16–17 ತೋರಿಸುತ್ತದೆ. ಅದನ್ನು ನೋಡಿ ಇಂಜಿನ್ ಹೋಯ್ತು ಅಂದುಬಿಟ್ಟರೆ ಗಾಡಿಯವರಿಗೆ ಅನ್ಯಾಯ.

ಇಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಕವರ್ ಬಿಚ್ಚಿದೆ. ಎರಡನೇದರ ಎಕ್ಸಾಸ್ಟ್ ವಾಲ್ವಿಗೆ ಅತಿ ತೆಳುವಾದ ಗೇಜ್ ಕೂಡ ಹೋಗಲಿಲ್ಲ. ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಇರಬೇಕಾದ ಗ್ಯಾಪೇ ಇಲ್ಲ. ಗಾಡಿಯವರು ಮೊದಲೇ ಖುಷಿಯಲ್ಲಿ ಹೇಳಿದ್ದರು, "ಟ್ಯಾಪೆಟ್ ಸೌಂಡ್ ಸ್ವಲ್ಪಾನೂ ಇಲ್ಲ ಅಣ್ಣ, ಇಂಜಿನ್ ಬೆಣ್ಣೆ ಥರ ಇದೆ" ಅಂತ. ಹಳೇ ಗ್ಯಾಸ್ ಗಾಡಿಯಲ್ಲಿ ನನಗೆ ಭಯ ಆಗೋದು ಆ ನಿಶ್ಶಬ್ದಕ್ಕೇ. ಸಣ್ಣಗೆ ಟಿಕ್ ಟಿಕ್ ಅಂದರೆ ಗ್ಯಾಪ್ ಇದೆ ಅಂತ ಅರ್ಥ. ಗ್ಯಾಸಲ್ಲೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟು ಬೇಗ ಸವೆಯುತ್ತದೆ, ವಾಲ್ವ್ ಮೇಲೆ ಮೇಲೆ ಸರಿದು ಗ್ಯಾಪ್ ತಿಂದುಹಾಕುತ್ತದೆ. ಬಿಸಿಗೆ ವಾಲ್ವ್ ಇನ್ನಷ್ಟು ಉದ್ದವಾಗಿ, ಸೀಟಿಗೆ ಪೂರ್ತಿ ಕೂರೋದೇ ಇಲ್ಲ. ವಾಲ್ವಿನ ಬಿಸಿ ಬಹುಪಾಲು ಇಳಿಯೋದು ಸೀಟಿನ ಮೂಲಕ. ಕೂರದಿದ್ದರೆ ಅಂಚು ಸುಡುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ಸೋರಲು ಟೈಮ್ ಸಿಗಲ್ಲ, ಅದಕ್ಕೇ ರೋಡಲ್ಲಿ ಗೊತ್ತಾಗದ್ದು ನಿಂತಾಗ ಗೊತ್ತಾಗುತ್ತದೆ.

ಗ್ಯಾಪ್ ಸೆಟ್ ಮಾಡಿದ ಮೇಲೆ ಕಂಪ್ರೆಷನ್ 130ಕ್ಕೆ ಬಂತು, ನಡುಕ ಬಹಳ ಕಡಿಮೆ ಆಯಿತು. ಆದರೂ 160 ಆಗಲಿಲ್ಲ ಅಂದರೆ ಅಂಚು ಸ್ವಲ್ಪ ಸುಟ್ಟಿದೆ. ಅದನ್ನು ಮುಚ್ಚಿಡದೆ ಅವರಿಗೆ ರೀಡಿಂಗ್ ತೋರಿಸಿಯೇ ಹೇಳಿದೆ: "ಈಗ ಓಡುತ್ತೆ, ಆದರೆ ಹೆಡ್ ಬಿಚ್ಚಲೇಬೇಕು. ದುಡ್ಡು ಹೊಂದಿಸಿಕೊಳ್ಳಿ, ಜಾಸ್ತಿ ದಿನ ಬಿಡಬೇಡಿ." ಮಳೆ ಕಡಿಮೆಯಾದ ಮೇಲೆ ಬಂದರು. ಹೆಡ್ ಬಿಚ್ಚಿದಾಗ ಆ ಎಕ್ಸಾಸ್ಟ್ ವಾಲ್ವಿನ ಅಂಚಲ್ಲಿ ಅಕ್ಕಿಕಾಳಿನಷ್ಟು ಕಡೆ ಲೋಹ ಕರಗಿ ಹೋಗಿತ್ತು. ಲೇತ್‌ನಲ್ಲಿ ಗ್ಯಾಸಿಗೆ ತಡೆಯುವ ಗಟ್ಟಿ ಸೀಟ್ ರಿಂಗ್ ಕೂರಿಸಿ, ಹೊಸ ವಾಲ್ವ್ ಲ್ಯಾಪ್ ಮಾಡಿ (ಸೀಟಿಗೆ ಸರಿಯಾಗಿ ಕೂರುವ ಹಾಗೆ ಉಜ್ಜಿ) ಹಾಕಿದೆವು. ಈಗ ಮೂರೂ ಸಿಲಿಂಡರ್ 160ರ ಹತ್ತಿರ ಇದೆ. ಸುಮಾರು 10,000 ಕಿ.ಮೀ.ಗೊಮ್ಮೆ ಟ್ಯಾಪೆಟ್ ಗ್ಯಾಪ್ ನೋಡಿಸಿ ಅಂತ ಹೇಳಿ, ಮುಂದಿನ ಕಿ.ಮೀ. ಎಷ್ಟು ಅಂತ ಡ್ಯಾಶ್‌ಬೋರ್ಡಿಗೆ ಚೀಟಿ ಅಂಟಿಸಿ ಕಳಿಸಿದ್ದೇನೆ.