ಶಿಮೊನಾದಾ: ಕಡಲೆದುರಿನ ನಿಲ್ದಾಣಕ್ಕೆ ಹೋಗುವವರಿಗೆ

ಜಪಾನಿನ ಶಿಕೊಕು ದ್ವೀಪದ ಎಹಿಮೆ ಪ್ರಾಂತ್ಯದಲ್ಲಿರುವ ಶಿಮೊನಾದಾ ಸಿಬ್ಬಂದಿಯಿಲ್ಲದ ಪುಟ್ಟ ನಿಲ್ದಾಣ. ಒಂದು ಪ್ಲಾಟ್‌ಫಾರ್ಮ್, ಸಣ್ಣದೊಂದು ಚಾವಣಿ, ಅದರಡಿ ಬೆಂಚು, ಎದುರಿಗೆ ಕಡಲು. 1935ರಲ್ಲಿ ಶುರುವಾದ ಈ ನಿಲ್ದಾಣಕ್ಕೂ ನೀರಿಗೂ ನಡುವೆ ಈಗ 378ನೇ ಹೆದ್ದಾರಿ ಇದೆ. ಆದರೂ ಬೆಂಚಿನ ಮೇಲೆ ಕೂತರೆ ಕಣ್ತುಂಬ ಸಮುದ್ರವೇ.

ಹೊಸಬರು ಎಡವುವುದು ರೈಲು ಆರಿಸುವಲ್ಲಿ. ಎಹಿಮೆಯ ಮುಖ್ಯ ನಗರ ಮತ್ಸುಯಾಮಾದ ಮೂಲಕ ಹಾಯುವ ಯೋಸಾನ್ ರೈಲು ಮಾರ್ಗ ಮುಂದೆ ಮುಕೈಬಾರಾ ನಿಲ್ದಾಣದಲ್ಲಿ ಕವಲೊಡೆಯುತ್ತದೆ. ಎಕ್ಸ್‌ಪ್ರೆಸ್‌ಗಳು 1986ರಲ್ಲಿ ತೆರೆದ ಉಚಿಕೊ ಕಡೆಯ ಒಳದಾರಿ ಹಿಡಿಯುತ್ತವೆ. ಕೆಲವು ಲೋಕಲ್‌ಗಳೂ ಅತ್ತಲೇ ಹೋಗುವುದರಿಂದ ಶಿಮೊನಾದಾ ಇರುವ, ಕಡಲಂಚಿನ ಇಯೊ ನಾಗಹಾಮಾ ಮಾರ್ಗದ ಲೋಕಲ್ ಹೌದೇ ಎಂದು ಕೇಳಿಯೇ ಹತ್ತಿ. ಪ್ರಯಾಣ ಸುಮಾರು 1 ಗಂಟೆ. ಈ ಸಣ್ಣ ಡೀಸೆಲ್ ಬೋಗಿಗಳಲ್ಲಿ ಹಲವಕ್ಕೆ ಶೌಚಾಲಯವಿಲ್ಲ, ಮತ್ಸುಯಾಮಾದಲ್ಲೇ ಮುಗಿಸಿಕೊಳ್ಳಿ.

ಮತ್ಸುಯಾಮಾದಲ್ಲಿ ಕಾಗದದ ಟಿಕೆಟ್ ಕೊಂಡು, ಇಳಿಯುವಾಗ ಮುಂದಿನ ಬಾಗಿಲಲ್ಲಿ ಚಾಲಕರಿಗೆ ಕೊಡಬೇಕು. ವಾಪಸ್ ಬರುವಾಗ ಹಿಂಬಾಗಿಲಲ್ಲಿ ಹತ್ತಿ, ಯಂತ್ರದಿಂದ ನಂಬರಿನ ಚೀಟಿ ಎಳೆದುಕೊಂಡು, ಮತ್ಸುಯಾಮಾದ ಗೇಟಿನಲ್ಲಿ ಹಣ ಕಟ್ಟಿ. ನಡುವಿನ ಸಣ್ಣ ನಿಲ್ದಾಣದಲ್ಲಿ ಇಳಿಯುವುದಾದರೆ ಚಾಲಕರ ಪಕ್ಕದ ಪೆಟ್ಟಿಗೆಗೆ ಸರಿಯಾದ ಚಿಲ್ಲರೆಯನ್ನೇ ಹಾಕಬೇಕು. ಅದಕ್ಕಾಗಿ 1000 ಯೆನ್ ನೋಟುಗಳನ್ನೂ ನಾಣ್ಯಗಳನ್ನೂ ಇಟ್ಟುಕೊಳ್ಳಿ.

ಸೂರ್ಯಾಸ್ತ ಜೂನ್ ಕೊನೆಯಲ್ಲಿ ಸಂಜೆ 7.20ರ ಆಸುಪಾಸು, ಡಿಸೆಂಬರ್ ಮೊದಲಲ್ಲಿ 5ರ ಹೊತ್ತಿಗೆ. ಲೆಕ್ಕ ಹಾಕುವಾಗ ಮೊದಲು ವಾಪಸಿನ ರೈಲು ಗೊತ್ತುಮಾಡಿ, ಆಮೇಲೆ ಹೋಗುವ ರೈಲು. ಎರಡು ರೈಲುಗಳ ನಡುವೆ 2 ಗಂಟೆಗೂ ಮೀರಿದ ಅಂತರವಿರಬಹುದು, ತಪ್ಪಿದರೆ ಕಾಯುವ ಟ್ಯಾಕ್ಸಿಯೂ ಅಲ್ಲಿರುವುದಿಲ್ಲ.

ನಿಜಕ್ಕೂ ನಿಶ್ಶಬ್ದ ಬೇಕೆಂದರೆ ವಾರದ ದಿನ ಬೆಳಗ್ಗೆಯೇ ಹೋಗಿ. ರೈಲ್ವೆಯ ಪೋಸ್ಟರುಗಳಿಂದ ಹೆಸರಾದ ಜಾಗವಿದು. ರಜಾದಿನದ ಸಂಜೆ ಕಾರುಗಳಲ್ಲಿ ಬಂದವರೇ ಬೆಂಚಿನ ಸುತ್ತ ಸಾಲುಗಟ್ಟಿರುತ್ತಾರೆ. ಇಯೊನಾದಾ ಮೊನೊಗತಾರಿ ಎಂಬ ಪ್ರವಾಸಿ ರೈಲೂ ಇಲ್ಲಿ ನಿಲ್ಲುತ್ತದೆ, ಆದರೆ ಕೆಲವೇ ನಿಮಿಷ. ಕೂತು ನೋಡುವ ಆಸೆಯಿದ್ದವರಿಗೆ ಲೋಕಲ್ಲೇ ಸರಿ.

ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೊರಡಬೇಕು. ಅಂಗಡಿಯ ಅನ್ನದುಂಡೆಯಲ್ಲಿ ಮೀನಿನ ಸಾರ ಸೇರಿರುವುದುಂಟು, ಹುಳಿ ಪ್ಲಮ್ ತುಂಬಿದ್ದರಲ್ಲೂ. ಎಹಿಮೆ ಕಿತ್ತಳೆಯ ನಾಡು; ಚಳಿಗಾಲವಾದರೆ ಒಂದು ಚೀಲ ಮಿಕಾನ್ ಕೊಂಡುಕೊಳ್ಳಿ. ಸಿಪ್ಪೆ, ಕಸ ಎಲ್ಲ ವಾಪಸ್ ತನ್ನಿ. ಫೋಟೊಗಾಗಿ ಹಳಿಗೆ ಇಳಿಯಲೇಬೇಡಿ, ಇದು ಈಗಲೂ ರೈಲು ಓಡುವ ಹಳಿ.