ಕೃಷಿ ಹೊಂಡದ ಮುತ್ತು, ಭೀಮೆಯ ಚಿಪ್ಪು

ಮುತ್ತಿನ ಕೃಷಿ ಅಂದಕೂಡಲೇ ಎಲ್ಲರೂ ಕೇಳುವುದು ಮುತ್ತು ಬೆಳೆಯಲು ಚಿಪ್ಪಿನೊಳಗೆ ಇಡುವ ಮಣಿ ಎಲ್ಲಿ ಸಿಗುತ್ತದೆ ಅಂತ. ಮೊದಲು ಕೇಳಬೇಕಾದ್ದು ಕಪ್ಪೆಚಿಪ್ಪು ಎಲ್ಲಿಂದ ತರುವುದು ಅಂತ.

ನಮ್ಮ ಕಲಬುರಗಿ ಕಡೆಯ ಭೀಮಾ, ಕಾಗಿಣಾ ನದಿ ದಂಡೆಯ ಕೆಸರಿನಲ್ಲಿ ಹುದುಗಿರುವ ಲ್ಯಾಮೆಲ್ಲಿಡೆನ್ಸ್ ಜಾತಿಯ ಚಿಪ್ಪು ಹಗಲೂ ರಾತ್ರಿ ನೀರು ಸೋಸುತ್ತಲೇ ಇರುತ್ತದೆ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಮಾಡುವ ಕೆಲಸವೂ ಇದೇ. ಆ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ನಮ್ಮ ಹೊಳೆಯ ಚಿಪ್ಪನ್ನು ಮಾತ್ರ ಕೇಳುವವರಿಲ್ಲ. ಇದರ ಮರಿಗಳು ಕೆಲವು ವಾರ ಮೀನಿನ ಕಿವಿರು, ರೆಕ್ಕೆಗೆ ಅಂಟಿಕೊಂಡೇ ಬೆಳೆಯಬೇಕು. ಮೀನು ಹೋದರೆ ಮರಿಯೂ ಇಲ್ಲ. ಉಸುಕು ಎತ್ತಿದರೆ ದೊಡ್ಡವೂ ಅದರ ಜೊತೆಗೇ ಹೋಗುತ್ತವೆ.

ಹಾಗಾಗಿ ಕೈಯಿಂದಲೇ ಆರಿಸಿ: 8ರಿಂದ 10 ಸೆಂ.ಮೀ. ಉದ್ದ, 50 ಗ್ರಾಂ ಮೇಲಿನವು ಸಾಕು. ಸಣ್ಣವನ್ನು ಅಲ್ಲೇ ಬಿಡಿ. ಹಸಿ ಗೋಣಿಯಲ್ಲಿ, ನೆರಳಲ್ಲಿ ತನ್ನಿ.

ಕ್ಲೋರಿನ್ ಹೋದ ನೀರಿನಲ್ಲಿ, ಒಂದು ಚಿಪ್ಪಿಗೆ ಒಂದು ಲೀಟರ್ ಲೆಕ್ಕದಲ್ಲಿ 2-3 ದಿನ ಒತ್ತೊತ್ತಾಗಿ ಇಟ್ಟರೆ ಸ್ನಾಯು ಸಡಿಲಾಗುತ್ತದೆ. ಆಮೇಲೆ ಒಂದು ಸೆಂ.ಮೀ. ಮೀರದಂತೆ ಬಾಯಿ ತೆರೆಸಿ, ಒಳಪೊರೆಯನ್ನು ಚಿಪ್ಪಿನಿಂದ ಬಿಡಿಸಿ, 4-6 ಮಿ.ಮೀ. ಮಣಿಯನ್ನು ನಡುವೆ ಸೇರಿಸಬೇಕು. ಅವಸರದಲ್ಲಿ ಜಾಸ್ತಿ ತೆರೆದರೆ ಸ್ನಾಯು ಹರಿದು, ಚಿಪ್ಪು ಮತ್ತೆ ಮುಚ್ಚುವುದೇ ಇಲ್ಲ. ಹತ್ತು ದಿನ ಆರೈಕೆ ತೊಟ್ಟಿಯಲ್ಲಿಟ್ಟು ದಿನಾ ನೋಡಿ. ಮುಟ್ಟಿದರೂ ಬಾಯಿ ಮುಚ್ಚದ್ದು ಸತ್ತದ್ದು. ಕೊಳೆಯುವ ಮೊದಲೇ ತೆಗೆಯದಿದ್ದರೆ ಪಕ್ಕದ್ದನ್ನೂ ಕೊಲ್ಲುತ್ತದೆ.

ಹೊಂಡದಲ್ಲಿ ಒಂದು ನೈಲಾನ್ ಚೀಲಕ್ಕೆ ಎರಡರಂತೆ, ಒಂದು ಮೀಟರ್ ಆಳಕ್ಕೆ ತೂಗುಹಾಕಿ. ಚದರ ಮೀಟರಿಗೆ 2-3 ಚಿಪ್ಪು ಎಂದರೆ 20×20 ಮೀಟರ್ ಹೊಂಡಕ್ಕೆ 800ರಿಂದ 1,200. ಕೊಯ್ಲಿಗೆ 12-18 ತಿಂಗಳು. ಸೆಗಣಿ ಗೊಬ್ಬರದಿಂದ ನೀರು ತಿಳಿಹಸಿರಾಗಲಿ: ಕೈ ಇಳಿಸಿದಾಗ ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾಗಬೇಕು. ಮಣಿಕಟ್ಟಿಗೇ ಮರೆಯಾದರೆ ಬೆಳಗಿನ ಜಾವ ಆಮ್ಲಜನಕ ಕುಸಿಯುತ್ತದೆ. ಕಾಟ್ಲಾ, ರೋಹು ಬಿಡಬಹುದು. ಬೆಳ್ಳಿ ಗೆಂಡೆ ಬೇಡ, ಚಿಪ್ಪಿನ ಊಟವನ್ನೇ ಅದು ತಿನ್ನುತ್ತದೆ.

ನಮ್ಮ ಕಡೆ ಚಿಪ್ಪಿಗೆ ಬೇಕಾದ ಸುಣ್ಣಕ್ಕೆ ಬರವಿಲ್ಲ. ಶಹಾಬಾದ್ ಕಲ್ಲಿನ ಸೀಮೆಯ ನೀರು ಮೊದಲೇ ಗಡಸು. ಕೆಡುವುದು ಬೇರೆ ಕಡೆ. ಮಳೆಗೆ ಎರೆಮಣ್ಣು ಹರಿದುಬಂದರೆ ಚಿಪ್ಪಿನ ಕಿವಿರು ಕಟ್ಟಿಕೊಳ್ಳುತ್ತದೆ. ಹೊಂಡದ ಬಾಯಲ್ಲಿ ಹೂಳುಗುಂಡಿ ತೋಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ಚೀಲವನ್ನೂ ಇಳಿಸಿ, ಮೇಲ್ಪದರ ಬಿಸಿಲಿಗೆ ಕಾಯುತ್ತದೆ. ಪಾಚಿಗೆಂದು ಮೈಲುತುತ್ತ ಹಾಕಲೇಬೇಡಿ: ತಾಮ್ರ ಚಿಪ್ಪಿಗೆ ವಿಷ. ತೊಗರಿಗೆ ಹೊಡೆದ ಔಷಧಿ ಪಂಪನ್ನು ಹೊಂಡದಲ್ಲೂ ಹಳ್ಳದಲ್ಲೂ ತೊಳೆಯಬೇಡಿ. ಹಳ್ಳದ್ದು ಕೊನೆಗೆ ಭೀಮೆಗೇ ಸೇರುತ್ತದೆ, ಮುಂದಿನ ವರ್ಷದ ಚಿಪ್ಪು ಇರುವುದೂ ಅಲ್ಲೇ.